ಸಾಲಿನ ಕೊನೆಯಲ್ಲಿ ನಡೆಯುವವರು

“ಲಂಡನ್ನಿನ ಉಚ್ಚೆ!” ಎಂದು ಎಡ್ಗರ್ ಸ್ಟಾರ್ ಕೋಲೆತ್ತಿ ಸಾರಿದ. “ಪೀಪಾಯಿಗಟ್ಟಲೆ ಹಡಗಿಗೆ ತುಂಬಿ ಇದೇ ಬಂಡೆ ಮೇಲೆ ತಂದು ಇಳಿಸ್ತಿದ್ರು. ನಗಬೇಡಿ. ಅದಿಲ್ದೆ ಪಟಿಕ ಆಗ್ತಿರಲಿಲ್ಲ, ಪಟಿಕ ಇಲ್ದೆ ಬಟ್ಟೆಗೆ ಬಣ್ಣ ಹಿಡೀತಿರಲಿಲ್ಲ. ರಾಣಿಯ ಕೆಂಪು ಲಂಗದಲ್ಲೂ ನಮ್ಮೂರಿನ ಘಮ ಇತ್ತು ಅಂತ ತಿಳ್ಕೊಳ್ಳಿ.”

ಎದುರಿಗಿದ್ದವರು ನಕ್ಕರು. ಈ ಜಾಗಕ್ಕೆ ಬಂದರೆ ಜನ ನಗಲೇಬೇಕು. ಹತ್ತೊಂಬತ್ತು ವರ್ಷದಿಂದ, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಂದು ಭಾನುವಾರ, ಕೆಟಲ್‌ವಿಕ್ ಎಂಬ ಕಡಲ ಹಳ್ಳಿಯ ಚರಿತ್ರೆಯ ನಡಿಗೆಯಲ್ಲಿ ಅವನು ಜನರನ್ನು ಇಲ್ಲಿಗೆ ಕರೆತಂದು ನಗಿಸಿದ್ದಾನೆ. ಮೊದಲು ಚರ್ಚು, ಅದರ ಹಿಂದಿನ ಪಾಳುಗೋಡೆ, ಆಮೇಲೆ ಮೀನಿನ ಬುಟ್ಟಿ ಹೊತ್ತ ಕುದುರೆಗಳು ನಡೆದು ನಡೆದು ನಡುವೆ ತಗ್ಗಾದ ಚಪ್ಪಡಿಕಲ್ಲಿನ ದಾರಿ. ಕೊನೆಗೆ ಕಡಲಿಗೆ ಚಾಚಿಕೊಂಡಿರುವ ‘ಮುದುಕನ ಮೂಗು’ ಎಂಬ ಗುಡ್ಡದ ಬುಡವನ್ನು ಬಳಸಿ ಬಂದರೆ ಈ ಬಂಡೆಹಾಸು. ಇಲ್ಲಿ ಪಟಿಕ ಮಾಡುತ್ತಿದ್ದ ಕಾಲದಲ್ಲಿ ಗಾಡಿಚಕ್ರಗಳಿಗೆಂದು ಕೊರೆದ ಎರಡು ಜಾಡುಗಳು ಬಂಡೆಯ ಮೇಲೆ ಜೊತೆಜೊತೆಯಾಗಿ ಸಾಗಿ ಸಮುದ್ರದೊಳಕ್ಕೆ ಇಳಿಯುತ್ತವೆ. ನೀರು ತೀರಾ ಇಳಿದ ದಿನ ಮಾತ್ರ ಅವು ಪೂರ್ತಿ ಕಾಣುವುದು. ಅದನ್ನು ತೋರಿಸುವಾಗ ಎಡ್ಗರ್ ಯಾವಾಗಲೂ ಸಮುದ್ರಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಹೊಗಳಿಕೆ ಬರುವುದು ಆ ಕಡೆಯಿಂದ ತಾನೆ?

ಇವತ್ತು, ಈ ವರ್ಷದ ಮೊದಲ ನಡಿಗೆಯ ದಿನ, ಹೊಗಳಿಕೆ ಇನ್ನಷ್ಟು ಬೇಕಿತ್ತು. ಈ ವಸಂತದಲ್ಲಿ ಹಳ್ಳಿಯ ಸಮಿತಿ ಸೇರಿದ್ದಾಗ, ಎಡ್ಗರನಿಗೆ ಎಪ್ಪತ್ತಾರಾಯಿತು, ನಡಿಗೆಯನ್ನು ಇನ್ನು ಬೇರೆ ಯಾರಿಗಾದರೂ ಬಿಡಬಾರದೇ ಎಂಬ ಮಾತು ಬಂದಿತ್ತು. ಅವನು ಮೇಜು ಗುದ್ದಿ, “ಒಂದೇ ಒಂದು ತಪ್ಪು ಮಾಡಿದ ದಿನ ಕೋಲು ಕೆಳಗಿಡ್ತೀನಿ” ಎಂದಿದ್ದ. ಸಮಿತಿಯ ಅಧ್ಯಕ್ಷ ಕ್ಲೆಮ್ ಡಕ್, ನಲವತ್ತು ವರ್ಷ ಊರಿಗೆಲ್ಲ ಮಾಂಸ ಕಡಿದುಕೊಟ್ಟವನು, “ಬರ್ಕೊಂಡಿದೀನಿ ಕಣಯ್ಯಾ” ಎಂದು ಹಲ್ಲು ಕಿರಿದಿದ್ದ. ಆ ಕ್ಲೆಮ್ ಇವತ್ತು ಜೊತೆಗೇ ಬಂದಿದ್ದ. ಕೋಲು ಹೋದರೆ ತನಗೆ ಉಳಿಯುವುದು ಹೆಂಡತಿ ಪೆಗಿಯ ಅಡುಗೆಮನೆಯಲ್ಲಿ ಕಾಲಿಗೆ ಅಡ್ಡ ಸಿಗುವ ಕೆಲಸವೊಂದೇ ಎಂದು ಎಡ್ಗರನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ನೋಡಿದ. ಸಮುದ್ರದ ಭರತ ಇಳಿತದ ಹೊತ್ತು ಹೇಳುವ ಪುಸ್ತಕ. ಊರಿನಲ್ಲಿ ಎಲ್ಲರೂ ಜನವರಿಯಲ್ಲಿ ಅದನ್ನು ಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಾರೆ. ಅದರಲ್ಲಿ ಅಚ್ಚಾಗುವುದು ಚಳಿಗಾಲದ ಗಡಿಯಾರದ ಹೊತ್ತು. ಬೇಸಿಗೆಯಲ್ಲಿ ದೇಶವೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಪ್ರತಿ ದಿನಕ್ಕೂ ಒಂದು ಗಂಟೆ ಕೂಡಿಸಿ ಬರೆದುಕೊಳ್ಳಬೇಕು. ಎಡ್ಗರನ ಅಪ್ಪನೂ ಹಾಗೇ ಬರೆಯುತ್ತಿದ್ದ. ಇವತ್ತಿನ ತಾರೀಖಿನ ಪಕ್ಕ, ನೀರು ಪೂರ್ತಿ ಇಳಿಯುವ ಹೊತ್ತು ಹನ್ನೊಂದು ಹತ್ತು ಎಂದು ಅಚ್ಚಾಗಿತ್ತು, ಅದರ ಮಗ್ಗುಲಲ್ಲಿ ಪೆನ್ಸಿಲಿನಿಂದ ಹನ್ನೆರಡು ಹತ್ತು. ಈಗ ಕೈಗಡಿಯಾರದಲ್ಲಿ ಹನ್ನೆರಡೂ ಕಾಲು.

“ಸಮುದ್ರ ಈಗ ನಿದ್ದೆ ಮಾಡ್ತಿದೆ,” ಎಂದ. “ಇನ್ನೂ ಒಂದು ಗಂಟೆ ನಮ್ಮದೇ. ಬುತ್ತಿ ಬಿಚ್ಚಿ.”

ಜನ ಚಪ್ಪಟೆ ಬಂಡೆಯೊಂದರ ಮೇಲೆ ಡಬ್ಬಿಗಳನ್ನು ಇಡತೊಡಗಿದ್ದರು. ಆಗ ಸಾಲಿನ ಹಿಂದಿನಿಂದ ಹೆಸ್ಟರ್ ಗಾರ್ಬಟ್ ಕುಂಟುತ್ತಾ ಮುಂದೆ ಬಂದಳು. ಇದು ಸೋಜಿಗದ ಸಂಗತಿ. ಹೆಸ್ಟರ್ ಮುಂದೆ ಬರುವವಳೇ ಅಲ್ಲ. ಲೀಡ್ಸಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾಗಿ, ಹನ್ನೊಂದು ವರ್ಷದ ಹಿಂದೆ ಈ ಊರಿಗೆ ಬಂದವಳು. ಅಂದಿನಿಂದ ಪ್ರತಿ ನಡಿಗೆಯಲ್ಲೂ ಕೊನೆಯಲ್ಲಿ ನಡೆಯುವುದು ಅವಳ ಪಾಲು. ಕುತ್ತಿಗೆಯಲ್ಲಿ ಸೀಟಿ. ದನ ನುಗ್ಗದಂತೆ ಬೇಲಿಯ ಬಾಗಿಲು ಮುಚ್ಚುವವಳು, ಹಿಂದೆ ಬಿದ್ದವರ ಜೊತೆ ಹೆಜ್ಜೆ ಹಾಕುವವಳು, ತಲೆ ಎಣಿಸುವವಳು ಅವಳೇ. ಎಡ್ಗರ್ ಅವಳನ್ನು ಇಂದಿಗೂ ಮಿಸೆಸ್ ಗಾರ್ಬಟ್ ಎಂದೇ ಕರೆಯುತ್ತಿದ್ದ.

“ಎಡ್ಗರ್, ನನ್ನ ಮಂಡಿ ಹಿಡ್ಕೊಂಡ್ಬಿಟ್ಟಿದೆ. ನಾನು ವಾಪಸ್ ಹೋಗ್ಬೇಕು.”

“ಊಟ ಮುಗೀಲಿ, ಮಿಸೆಸ್ ಗಾರ್ಬಟ್. ಅಷ್ಟು ಹೊತ್ತು ಕಾಲು ಚಾಚಿ ಕೂತ್ಕೊಳ್ಳಿ.”

“ಕೂತ್ರೆ ಏಳೋಕಾಗಲ್ಲ. ಈಗ್ಲೇ ಹೊರಡ್ಬೇಕು.”

“ಹಾಗಾದ್ರೆ ಯಾರಾದ್ರೂ ಒಬ್ರು ಜೊತೆಗೆ...”

“ಗುಂಪು ಒಡೀಬಾರ್ದು. ಒಬ್ಬರಿಗೆ ತೊಂದ್ರೆ ಆದ್ರೆ ಎಲ್ಲರೂ ಹಿಂದಿರುಗಬೇಕು.” ಅವಳ ದನಿ ಮೆತ್ತಗಿತ್ತು, ಆದರೆ ಕಣ್ಣು ಅವನ ಭುಜದ ಆಚೆ ಎಲ್ಲೋ ನೆಟ್ಟಿತ್ತು. “ನೀವೇ ಮಾಡಿದ ನಿಯಮ, ಎಡ್ಗರ್. ಕಾಗದದಲ್ಲಿ ಅಚ್ಚು ಹಾಕ್ಸಿದೀರಿ.”

ಕ್ಲೆಮ್ ಕೈಯಲ್ಲಿದ್ದ ಹಂದಿಮಾಂಸದ ಕಡುಬನ್ನೇ ದುಃಖದಿಂದ ನೋಡಿದ. ಎಡ್ಗರನಿಗೆ ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ನಡಿಗೆಯೂ ಅರ್ಧಕ್ಕೆ ನಿಂತಿರಲಿಲ್ಲ. ಆದರೆ ತನ್ನದೇ ನಿಯಮವನ್ನು ತಾನೇ ನುಂಗುವುದು ಹೇಗೆ? ಡಬ್ಬಿಗಳು ಚೀಲ ಸೇರಿದವು, ಒಂಬತ್ತು ಜನರೂ ಬಂದ ದಾರಿಯಲ್ಲೇ ಹೊರಟರು. ಕುಂಟುವ ಹೆಂಗಸು ಇಷ್ಟು ಬಿರುಸಾಗಿ ನಡೆಯುತ್ತಾಳಲ್ಲ, ಹಿಂದಿನಿಂದ ಎಲ್ಲರನ್ನೂ ತಳ್ಳಿಕೊಂಡೇ ಬರುತ್ತಿದ್ದಾಳಲ್ಲ ಎಂದು ಅವನಿಗೆ ಆಗ ಹೊಳೆಯಲಿಲ್ಲ. ಮುದುಕನ ಮೂಗಿನ ಹತ್ತಿರ ಬರುವಾಗ ಒಣಗಿದ್ದ ಕಲ್ಲುಗಳ ಮೇಲೆ ಈಗ ನೀರಿತ್ತು. ಮೊದಲು ಪಾದ ಮುಳುಗಿತು, ಹತ್ತು ಹೆಜ್ಜೆಯಲ್ಲಿ ಮೊಣಕಾಲು ಮುಟ್ಟಿತು.

“ಗಾಳಿ ನೀರನ್ನ ಈ ಕಡೆ ನೂಕಿದೆ, ಅಷ್ಟೆ,” ಎಂದು ಎಡ್ಗರ್ ಕೂಗಿದ. ಅವನು ಅದನ್ನು ನಂಬಿಯೂ ಇದ್ದ.

ಹೆಸ್ಟರ್ ಮೂಗಿನ ತುದಿಯಲ್ಲೇ ನಿಂತು ಒಬ್ಬೊಬ್ಬರ ಬೆನ್ನನ್ನೂ ಮುಟ್ಟಿ ದಾಟಿಸಿದಳು. ನಾಟಿಂಗ್‌ಹ್ಯಾಮಿನಿಂದ ಬಂದಿದ್ದ ದಂಪತಿ, ಹೊಸ ಸೊಂಟದ ಕೀಲು ಹಾಕಿಸಿಕೊಂಡಿದ್ದ ಪೋಸ್ಟ್ ಮಾಸ್ತರ, ಕ್ಲೆಮ್, ಎಲ್ಲರೂ ಆಚೆಯ ಮರಳಿಗೆ ಕಾಲಿಟ್ಟರು. “ಆರು, ಏಳು, ಎಂಟು,” ಎಂದು ಗಟ್ಟಿಯಾಗಿ ಎಣಿಸಿದಳು. “ನಾನು ಒಂಬತ್ತು.” ಆಮೇಲೇ ತಾನು ನೀರಿನಿಂದ ಹೊರಬಂದಳು.

ದಂಡೆಯಿಂದ ಊರಿಗೆ ನೂರಾ ಹನ್ನೆರಡು ಮೆಟ್ಟಿಲು. ಮೇಲೆ ತಲುಪಿ ಎಡ್ಗರ್ ಕಂಬಿ ಹಿಡಿದು ಏದುಸಿರು ಬಿಡುತ್ತಾ ಹಿಂದಿರುಗಿ ನೋಡಿದ. ಚರ್ಚಿನ ಗಡಿಯಾರ ಒಂದು ಗಂಟೆ ಹೊಡೆಯಿತು. ಕೆಳಗೆ ಮುದುಕನ ಮೂಗಿನ ಬುಡದಲ್ಲಿ ದಾರಿಯೇ ಇರಲಿಲ್ಲ, ಅಲೆಗಳು ನೇರವಾಗಿ ಬಂಡೆಗೋಡೆಗೆ ಬಡಿಯುತ್ತಿದ್ದವು. ಆಚೆ ಗಾಡಿಜಾಡು ಕಾಣಲಿಲ್ಲ. ಬುತ್ತಿ ಬಿಚ್ಚಿದ್ದ ಚಪ್ಪಟೆ ಬಂಡೆಯ ಮೇಲೆ ಬಿಳಿ ನೊರೆ ಹರಿದಾಡುತ್ತಿತ್ತು. ಅದರ ಹಿಂದೆ ಹತ್ತಲು ಹಿಡಿಯಷ್ಟು ಹುಲ್ಲೂ ಇಲ್ಲದ ಕಡಿದಾದ ಗುಡ್ಡ.

ಅವನ ಲೆಕ್ಕದಂತೆ ಆ ಬಂಡೆ ಈ ಹೊತ್ತಿನಲ್ಲಿ ಒಣಗಿರಬೇಕಿತ್ತು. ಜೇಬಿನಿಂದ ಪುಸ್ತಕ ತೆಗೆದ. ಹಳದಿ ರಟ್ಟಿನ ಹಳೆಯ ಪುಸ್ತಕ ಅಚ್ಚು ಹಾಕುತ್ತಿದ್ದ ಗಾಳದ ಅಂಗಡಿ ಹೋದ ವರ್ಷ ಮುಚ್ಚಿತ್ತು. ಇದು ನೀಲಿ ರಟ್ಟಿನದು, ಬೇರೆ ಯಾರೋ ತಂದದ್ದು. ಮೊದಲ ಪುಟವನ್ನು ಅವನು ಓದಿರಲೇ ಇಲ್ಲ, ಭರತದ ಪುಸ್ತಕದ ಮೊದಲ ಪುಟವನ್ನು ಯಾರು ಓದುತ್ತಾರೆ? ಈಗ ಓದಿದ. ಬೇಸಿಗೆಯ ಒಂದು ಗಂಟೆಯನ್ನು ಆಗಲೇ ಸೇರಿಸಲಾಗಿದೆ ಎಂದು ಸಣ್ಣ ಅಕ್ಷರದಲ್ಲಿತ್ತು. ಸೇರಿಸಿದ್ದಕ್ಕೆ ಅವನು ಇನ್ನೊಂದನ್ನು ಸೇರಿಸಿದ್ದ. ಅಲ್ಲೇ ಬೆಂಚಿನ ಮೇಲೆ ಕೂತ.

ಉಳಿದವರು ಚಹಾದ ಆಸೆಗೆ ಆಗಲೇ ಹಳ್ಳಿಯ ಸಭಾಭವನದತ್ತ ಹೊರಟಿದ್ದರು. ಕೊನೆಯವಳಾಗಿ ಹೆಸ್ಟರ್ ಮೆಟ್ಟಿಲು ಹತ್ತಿ ಬಂದಳು. ಕುಂಟುತ್ತಿರಲಿಲ್ಲ.

“ಮಂಡಿ?” ಎಂದ ಎಡ್ಗರ್.

“ವಾಸಿ ಆಯ್ತು.”

“ಯಾವಾಗ ಗೊತ್ತಾಯ್ತು ನಿಮಗೆ?”

“ನೀವು ರಾಣಿಯ ಲಂಗದ ವಿಷಯ ಹೇಳ್ತಿದ್ರಲ್ಲ, ಆಗ. ನಿಮ್ಮ ಹಿಂದೆ ಜಾಡಿನಲ್ಲಿ ನೀರು ಮೇಲಕ್ಕೆ ಹರಿದು ಬರ್ತಿತ್ತು, ಕಾಲುವೆಗೆ ಬಿಟ್ಟ ಹಾಗೆ.”

“ನೇರವಾಗಿ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಕೇಳ್ತಿದ್ರಾ? ಕ್ಲೆಮ್ ಮುಂದೆ? ಪುಸ್ತಕ ತೆಗೆದು ಹತ್ತು ನಿಮಿಷ ವಾದ ಮಾಡ್ತಿದ್ರಿ.” ಅವಳು ಬೂಟು ಬಿಚ್ಚಿ ನೀರು ಚೆಲ್ಲಿದಳು. “ನಮ್ಮ ಹತ್ರ ಇದ್ದದ್ದೇ ಹತ್ತು ನಿಮಿಷ.”

ಅವನು ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡ.

ಸಭಾಭವನದಲ್ಲಿ ದೊಡ್ಡ ಕೆಟಲು ಕುದಿಯುತ್ತಿತ್ತು. ಪೆಗಿ ಶುಂಠಿ ಕೇಕು ಕತ್ತರಿಸಿ ಇಡುತ್ತಿದ್ದಳು. ಒದ್ದೆ ಕಾಲುಚೀಲಗಳನ್ನು ಕಾವಿಗೆ ಒಡ್ಡಿ ಕೂತಿದ್ದ ಕ್ಲೆಮ್ ಗುರಿ ನೋಡಿಯೇ ಮಾತೆಸೆದ. “ಏನಮ್ಮಾ ಹೆಸ್ಟರ್, ನಿನ್ನ ಮಂಡಿ ನನ್ನ ಊಟಕ್ಕೆ ಕಲ್ಲು ಹಾಕ್ತಲ್ಲ! ಮುಂದಿನ ಸಲ ಕುಂಟು ಕುರೀನ ಮನೇಲೇ ಕಟ್ಟಿ ಬರೋಣ ಅಂತ ಸಮಿತೀಲಿ ಹೇಳ್ತೀನಿ.” ಎಲ್ಲರೂ ನಕ್ಕರು. ಹೆಸ್ಟರ್ ಕೂಡ ನಕ್ಕಳು. “ಕಟ್ಟಿ ಬನ್ನಿ, ಹುಲ್ಲು ಹಾಕೋದು ಮಾತ್ರ ಮರೀಬೇಡಿ,” ಎಂದಳು.

ಎಡ್ಗರ್ ಬಟ್ಟಲು ಹಿಡಿದು ನಿಂತಿದ್ದ. ಸುಮ್ಮನಿದ್ದರೆ ಸಾಕಿತ್ತು. ಆ ನಗುವಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು, ಕೋಲು ತನ್ನ ಕೈಯಲ್ಲೇ ಉಳಿಯುತ್ತಿತ್ತು. ಅವಳು ಯಾವತ್ತೂ ಬಾಯಿ ಬಿಡುವವಳಲ್ಲ ಎಂದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಟ್ಟಲನ್ನು ಮೇಜಿನ ಮೇಲೆ ಇಟ್ಟ.

“ಅವಳ ಮಂಡಿಗೆ ಏನೂ ಆಗಿಲ್ಲ, ಕ್ಲೆಮ್. ಕೆಟ್ಟಿದ್ದು ನನ್ನ ಲೆಕ್ಕ.” ನೀಲಿ ಪುಸ್ತಕವನ್ನು ಕ್ಲೆಮ್‌ನ ಮುಂದೆ ಬಿಚ್ಚಿಟ್ಟ. “ಒಂದು ಗಂಟೆ ಎರಡು ಸಲ ಕೂಡಿಸ್ದೆ. ಇಷ್ಟು ಹೊತ್ತಿಗೆ ನಾವೆಲ್ಲ ಆ ಬಂಡೆಗೋಡೆಗೆ ಅಂಟ್ಕೊಂಡು ಕೂಗ್ತಿರಬೇಕಿತ್ತು. ನೀನು ಈ ಕೇಕು ತಿಂತಿರೋದು ಹೆಸ್ಟರ್‌ಳ ದಯೆಯಿಂದ. ನಾನು ನಿಂತು ಮಾತಾಡ್ತಿರೋದೂ ಅಷ್ಟೆ.”

ನಾಟಿಂಗ್‌ಹ್ಯಾಮಿನ ಹೆಂಗಸು ಗಂಡನ ತೋಳು ಹಿಡಿದುಕೊಂಡಳು. ಎಡ್ಗರ್ ಹೆಸ್ಟರ್‌ಳ ಕಡೆ ತಿರುಗಿದ. ಹನ್ನೊಂದು ವರ್ಷದಲ್ಲಿ ಅವಳ ಕಣ್ಣು ಬೂದು ಬಣ್ಣದ್ದೆಂದು ಗಮನಿಸಿದ್ದು ಇದೇ ಮೊದಲು.

“ನಿಮ್ಮ ಉಪಕಾರ ದೊಡ್ಡದು,” ಎಂದ. ಗೋಡೆಗೆ ಒರಗಿಸಿದ್ದ ಕೋಲನ್ನು ತಂದು ಅವಳ ಮುಂದೆ ಹಿಡಿದ.

“ಅಯ್ಯೋ, ನನಗ್ಯಾಕೆ? ನಿಮ್ಮಷ್ಟು ಕಥೆ ನನಗೆ ಬರಲ್ಲ.”

“ನಡುನಡುವೆ ನೀವು ಸಾಲು ನಿಲ್ಲಿಸಿದ್ರೆ ಕಥೆ ನಾನು ಬಂದು ಹೇಳ್ತೀನಿ. ದಾರಿ ನಿಮ್ಮದು.”

ಕ್ಲೆಮ್ ಪುಸ್ತಕದ ಮೊದಲ ಪುಟವನ್ನೇ ನೋಡುತ್ತಿದ್ದ. ಎತ್ತಿದ ಮುಖದಲ್ಲಿ ತಮಾಷೆ ಇರಲಿಲ್ಲ. “ಮನೇಲಿ ನಂದೂ ಇಂಥದ್ದೇ ನೀಲಿ ಪುಸ್ತಕ,” ಎಂದ. “ನಾನೂ ಪೆನ್ಸಿಲಲ್ಲಿ ಬರ್ದಿದೀನಿ ಕಣೋ.”

ಹೆಸ್ಟರ್ ಕೋಲು ತೆಗೆದುಕೊಂಡಳು, ಆದರೆ ಕುತ್ತಿಗೆಯ ಸೀಟಿ ಬಿಚ್ಚಿ ಎಡ್ಗರನ ಕೈಗಿತ್ತಳು. “ಹಿಂದೆ ಯಾರೂ ಇಲ್ದಿದ್ರೆ ನಾನು ಹೋಗೋಳಲ್ಲ. ಮತ್ತೆ, ಎಣಿಸುವಾಗ ನಿಮ್ಮನ್ನೂ ಸೇರಿಸ್ಕೊಳ್ಳಿ. ಎಲ್ರೂ ಅದನ್ನೇ ಮರೆಯೋದು.”

ಮೇ ತಿಂಗಳ ಭಾನುವಾರ ಬಿಸಿಲು ಚೆನ್ನಾಗಿತ್ತು. ಎಡ್ಗರ್ ಕೊನೆಯಲ್ಲಿ ನಡೆದ. ಬೇಲಿಯ ಬಾಗಿಲು ಮುಚ್ಚಿದ, ಚಪ್ಪಡಿಕಲ್ಲಿನ ದಾರಿಯಲ್ಲಿ ಬೂಟಿನ ಲೇಸು ಕಟ್ಟಲು ಕೂತ ಮುದುಕಿಯ ಪಕ್ಕದಲ್ಲಿ ನಿಂತು ಕಾದ. ಗುಡ್ಡದ ತಿರುವಿಗೆ ಬಂದಾಗ ಕೆಳಗಿನ ಕೊಲ್ಲಿ, ಮುದುಕನ ಮೂಗು, ದೂರದ ಪಾಳುಗೋಡೆ ಒಟ್ಟಿಗೇ ಕಂಡವು. ಸಾವಿರ ಸಲ ನೋಡಿದ ನೋಟ. ಆದರೆ ಅದರೊಳಗೆ ಜನ ನಡೆಯುವುದನ್ನು ಅವನು ಕಂಡೇ ಇರಲಿಲ್ಲ. ಕೆಂಪು ಟೋಪಿ, ಹಳದಿ ಕೋಟು, ಕ್ಲೆಮ್‌ನ ಅಗಲ ಬೆನ್ನು, ಒಂದರ ಹಿಂದೊಂದು ಸಮುದ್ರದ ಕಡೆ ಇಳಿಯುತ್ತಿದ್ದವು. ಎಷ್ಟು ಚೆನ್ನಾಗಿದೆ, ಇಷ್ಟು ವರ್ಷ ಇದು ನನ್ನ ಹಿಂದೆಯೇ ಇತ್ತಲ್ಲ ಎಂದುಕೊಂಡಾಗ ಅವನ ಕಣ್ಣು ಒದ್ದೆಯಾಯಿತು.

ತಿರುವಿನ ಕೆಳಗೆ ಹೆಸ್ಟರ್ ನಿಂತಳು. ಹಿಂದಿರುಗಿ, ಇಡೀ ಸಾಲನ್ನು ದಾಟಿ ಅವನವರೆಗೂ ನೋಡಿದಳು. ಎಲ್ಲರೂ ಇದ್ದಾರಾ ಎಂದು ಕೋಲು ಎತ್ತಿ ಕೇಳಿದಳು.

ಎಡ್ಗರ್ ಬೆರಳು ತೋರಿಸಿ ಒಂದೊಂದೇ ತಲೆ ಎಣಿಸಿದ. ಹನ್ನೊಂದಕ್ಕೆ ಬಂದು ನಿಂತ. ಆಮೇಲೆ ಬೆರಳನ್ನು ತನ್ನ ಎದೆಯ ಮೇಲಿಟ್ಟುಕೊಂಡು, “ನಾನು ಹನ್ನೆರಡು” ಎಂದು ಗಾಳಿಯಲ್ಲಿ ಕೂಗಿ ಹೇಳಿದ.