ಹೋಟೆಲಿನ ಗೋಡೆಯ ಮೇಲೊಂದು ಶೋಕಗೀತೆ

ಮಕಸ್ಸಾರಿನ ಬಂದರಿನ ಹಿಂದೆ ನನ್ನದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ. ತೆನ್ರಿ ಅಲ್ಲಿಗೆ ಬರತೊಡಗಿದಾಗ ನಮ್ಮ ಬುಗಿಸ್ ಭಾಷೆಯಲ್ಲಿ ಎರಡು ಕವನ ಸಂಕಲನ ಹೊರತಂದಿದ್ದಳು. ಓದುವವರಿಲ್ಲವೆಂದು ತಾನೇ ಅವನ್ನು ಇಂಡೊನೇಷ್ಯನ್ನಿಗೆ ಅನುವಾದಿಸಿದಳು. ಜನ ಅನುವಾದವನ್ನು ಮೆಚ್ಚಿದರು. ಮೂಲದ ಪ್ರತಿಗಳು ಅವಳ ಮಂಚದ ಕೆಳಗೇ ಉಳಿದವು.

"ನನ್ನ ಮಾತು ನಾಲ್ಕು ಜನಕ್ಕೆ ಕೇಳಿಸ್ಬೇಕಂದ್ರೆ ಬೇರೆಯವಳ ಬಾಯಲ್ಲಿ ಆಡ್ಬೇಕು, ಡೇಂಗ್," ಎಂದಿದ್ದಳು, ನನ್ನನ್ನು ಅಣ್ಣನೆಂದು ಕರೆದು.

ಆಮೇಲೆ ಕುಂಚ ಹಿಡಿದಳು. ಮೀನು ಹಿಡಿಯಲು ಕಡಲಿಗೆ ಹೋಗಿ ಹಿಂದಿರುಗದ ತನ್ನ ತಮ್ಮ ಸಕ್ಕಾನ ಮೇಲೆ ಬರೆದ ಶೋಕಗೀತೆಯನ್ನು ಹಾಯಿಬಟ್ಟೆಯ ಮೇಲೆ ನಮ್ಮ ಹಳೆಯ ಲಿಪಿಯಲ್ಲಿ ಬಿಡಿಸಿದಳು. ಕಡಲಂಚಿನ ಹೊಸ ಹೋಟೆಲೊಂದು ಅದನ್ನು ಕೊಂಡಿತು.

ಎರಡು ವರ್ಷದ ಮೇಲೆ ಅವಳ ತಾಯಿಗೆ ನೋಡುವ ಆಸೆಯಾಯಿತು. ಮೂವರೂ ಹೋದೆವು. ಮುದುಕಿ ಗೋಡೆಯತ್ತ ಕತ್ತೆತ್ತಿ ಓದಲು ಹೋಗಿ, ಅಲ್ಲೇ ಕುಸಿದು ಕುಳಿತಳು.

"ಅಯ್ಯೋ, ನನ್ನ ಮಗನ್ನ ತಲೆಕೆಳಗಾಗಿ ನೇತುಹಾಕಿದಾರಲ್ಲೇ!"

ಮ್ಯಾನೇಜರು ಓಡಿ ಬಂದ. "ಹೌದಾ ಅಮ್ಮ? ಗೊತ್ತೇ ಆಗ್ಲಿಲ್ಲ. ಇಷ್ಟು ದಿನ ಯಾರೂ ಕೇಳ್ಲಿಲ್ಲ ನೋಡಿ. ನಿಜ ಹೇಳ್ಬೇಕಂದ್ರೆ ಹೀಗೇ ಚೆನ್ನಾಗಿದೆ, ಅಲೆ ಥರ ಕಾಣತ್ತೆ. ಇನ್ನೂ ಹತ್ತು ಇಂಥದ್ದೇ ಬೇಕಿತ್ತು."

ತೆನ್ರಿ ಜಗಳವಾಡುತ್ತಾಳೆಂದುಕೊಂಡೆ. ಅವಳು "ಆಗ್ಲಿ" ಎಂದಷ್ಟೇ ಹೇಳಿ ತಾಯಿಯನ್ನು ಎಬ್ಬಿಸಿದಳು.

ಹತ್ತೂ ಬಟ್ಟೆಗಳು ಕಟ್ಟು ಹಾಕಲು ನನ್ನಲ್ಲಿಗೇ ಬಂದವು. ಓದಲು ನೋಡಿದೆ. ಒಂದು ಪದವೂ ಕೂಡಲಿಲ್ಲ.

"ಏನು ಬರ್ದಿದೀಯಮ್ಮಾ?"

"ಏನೂ ಇಲ್ಲ. ಅಕ್ಷರದ ಹಾಗೆ ಕಾಣೋ ಗೆರೆ, ಅಷ್ಟೆ."

ಆ ಗೆರೆಗಳಿಂದಲೇ ಅವಳ ಹೆಸರು ಜಕಾರ್ತದವರೆಗೂ ಹೋಯಿತು. ಪತ್ರಿಕೆಗಳು ಹೊಗಳಿದವು. ಅವಳು ಕವಿತೆ ಬರೆಯುವುದನ್ನು ಬಿಟ್ಟಳು.

ಮೊನ್ನೆ ಶಾಲೆಯೊಂದರವರು ಬುಗಿಸ್ ಕವಿತೆಯ ಸ್ಪರ್ಧೆಗೆ ಅವಳನ್ನು ತೀರ್ಪುಗಾರಳಾಗಿ ಕರೆದಿದ್ದರು. ನಾನೇ ಬೈಕಿನಲ್ಲಿ ಕರೆದೊಯ್ದೆ. ಒಂದು ಕವಿತೆಯೂ ಬಂದಿರಲಿಲ್ಲ. ಮೇಷ್ಟರು ಸಂಕೋಚದಿಂದ ಚಹಾ, ಬಾಳೆಹಣ್ಣಿನ ಬಜ್ಜಿ ಕೊಟ್ಟು ಕಳಿಸಿದರು.

ಮನೆಯಲ್ಲಿ ತಾಯಿ ಜಗಲಿಯಲ್ಲೇ ಕಾದಿದ್ದಳು. "ಎಷ್ಟು ಮಕ್ಕಳು ಬರ್ದಿದ್ರೇ?"

"ತುಂಬ ಜನ, ಅಮ್ಮ."

"ಹೌದೇನೇ! ಒಂದನ್ನ ಹೇಳು, ಕೇಳೋಣ."

ತೆನ್ರಿ ನನ್ನ ಮುಖ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಮಗುವೊಂದು ಬರೆದಿರಬಹುದಾದ ಎರಡು ಸಾಲನ್ನು ಅಲ್ಲೇ ಕಟ್ಟಿ ಹೇಳಿದಳು. ದೋಣಿಯ ಬಗ್ಗೆ. ಮೂರನೆಯ ಸಾಲು ಬರಲಿಲ್ಲ.

"ಆಮೇಲೆ?" ಎಂದು ತಾಯಿ ಕೇಳುತ್ತಲೇ ಇದ್ದಳು.