ಗಡಿಯಾರದ ತಾತನ ಅಂಗೈ

“ಸಾಕಾಯ್ತು ನರ್ಸಮ್ಮ. ಇನ್ಮೇಲೆ ನಾನು ಬರಲ್ಲ.”

ಜೈಲಿನ ಭೇಟಿ ಕೋಣೆಯಿಂದ ಹೊರಬಂದ ಟೈಲರ್ ಹೆಂಗಸು ಕಣ್ಣೊರೆಸಿಕೊಂಡಳು. ಅಪ್ಪ ಒಳಗೆ ಹೋದಾಗ ಅವಳಿನ್ನೂ ಶಾಲೆಯ ಹುಡುಗಿ. ಈಗ ಅವಳ ತಲೆಯೂ ನರೆತಿದೆ. ಎರಡು ಪದರದ ಜಾಲರಿಯ ಆಚೆ ಅಪ್ಪ, ಈಚೆ ಅವಳು, ಸುತ್ತ ಕಿರುಚಾಡುವ ಜನ.

“ಏನು ಕೇಳಿದ್ರೂ ಉತ್ತರ ಇಲ್ಲ. ನನ್ನ ಯಜಮಾನ್ರು ತೀರ್ಕೊಂಡ್ರು ಅಂದಾಗ್ಲೂ ನಕ್ಬಿಟ್ರು! ಮನಸ್ಸು ಕಲ್ಲಾಗಿದೆ.”

“ಕಿವಿ ಕೇಳ್ಸುತ್ತಾ ಅವರಿಗೆ?” ಜೈಲಿನ ನರ್ಸಮ್ಮ ಕೇಳಿದರು.

“ಅಯ್ಯೋ, ಹಾವಿನ ಕಿವಿ! ಬಾಗಿಲು ತೆಗೆಯೋ ಮುಂಚೇನೇ ಎದ್ದು ನಿಂತಿರ್ತಾರಂತೆ. ಅದಕ್ಕೇ ಎಲ್ಲರೂ ಗಡಿಯಾರದ ತಾತ ಅನ್ನೋದು.”

ನರ್ಸಮ್ಮನ ಅನುಮಾನ ಹೋಗಲಿಲ್ಲ. ಮರುದಿನ ಬೆಳಗ್ಗೆ ಕೈದಿಗಳ ಎಣಿಕೆಗೆ ಮುಂಚೆ ತಾತನ ಕೋಣೆಯ ಹೊರಗೆ ನಿಂತರು. ತಾತ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ, ಒಂದು ಅಂಗೈ ಹಿಂದೆ ಚಾಚಿ ಬಾಗಿಲಿನ ಸರಳಿನ ಮೇಲೆ. ನರ್ಸಮ್ಮ ಜೋರಾಗಿ ಕರೆದರು. ತಾತ ಮಿಸುಕಲಿಲ್ಲ. ಅಷ್ಟರಲ್ಲಿ ಕೋಣೆಗಳ ಸಾಲಿನ ಆ ತುದಿಯಲ್ಲಿ ಮೊದಲ ಬಾಗಿಲು ದಡ್ ಎಂದಿತು. ಸರಳು ಸಣ್ಣಗೆ ನಡುಗಿತು. ತಾತ ಎದ್ದು ನಿಂತ.

ನರ್ಸಮ್ಮನಿಗೆ ಆಗ ಅರ್ಥವಾಯಿತು. ಅಬ್ಬಾ! ಕಿವಿ ಹೋದ ಮೇಲೆ ಈ ಮುದುಕ ಅಂಗೈಯಿಂದ ಕೇಳುವುದನ್ನು ಕಲಿತುಬಿಟ್ಟಿದ್ದ.

“ಯಾಕೆ ತಾತ ಮುಚ್ಚಿಟ್ರಿ?” ಕಿವಿಗೆ ಬಾಯಿ ಹಚ್ಚಿ ಕೂಗಿದರು.

“ಗೊತ್ತಾದ್ರೆ ದೂರದ ಜೈಲಾಸ್ಪತ್ರೆಗೆ ಹಾಕ್ತಾರಂತೆ. ಅಷ್ಟು ದೂರ ನನ್ನ ಮಗಳು ಹೇಗಮ್ಮ ಬರ್ತಾಳೆ? ಇಲ್ಲಿದ್ರೆ ಮಾತು ಕೇಳದಿದ್ರೂ ಮುಖ ಕಾಣುತ್ತೆ. ಕಂಡ್ರೆ ನಗು ಬರುತ್ತೆ.”

“ಯಾರೋ ಏನೋ ಹೇಳಿದ್ದು ನಂಬ್ಕೊಂಡ್ರಾ? ಕಿವಿ ಯಂತ್ರ ಇಲ್ಲೇ ಹಾಕಿಸ್ತೀನಿ.”

ನರ್ಸಮ್ಮ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದರು. “ಯಂತ್ರ ಯಾವಾಗ ಬರುತ್ತೆ?” ಎಂದು ಅವಳು ಕೇಳಿದಳು.

ಯಂತ್ರ ಬಂದ ವಾರ ಅವಳು ಬಂದಳು. ಜೈಲಿನ ಸಾಹೇಬರನ್ನು ಕೇಳಿಕೊಂಡು ನರ್ಸಮ್ಮ ಇಬ್ಬರನ್ನೂ ಜಾಲರಿಯಿಲ್ಲದ ಕೋಣೆಯಲ್ಲಿ ಕೂರಿಸಿದರು.

“ಅಪ್ಪಾ.”

ತಾತ ಬೆಚ್ಚಿ ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. “ಥೇಟ್ ನಿಮ್ಮಮ್ಮನ ದನಿ ಕಣೇ! ಯಾವಾಗ ಬಂತು ನಿಂಗೆ?” ಆಮೇಲೆ ಖುಷಿಯಿಂದ ಕೇಳಿದ, “ಅಳಿಯಂದ್ರು ಹೇಗಿದಾರೆ?”

ಈ ಸಲ ಅವಳು ಕಿರುಚಲಿಲ್ಲ. ಅಪ್ಪನ ಅಂಗೈ ಹಿಡಿದು ಮೆಲ್ಲಗೆ ಹೇಳಿದಳು.

ಅಪ್ಪ ನಗಲಿಲ್ಲ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡ.

ನಿಮ್ಮ ಹಿರಿಯರೂ ಒಳಗಿದ್ದಾರೆಯೇ? ತಪ್ಪಿಗೆ ಶಿಕ್ಷೆಯಾಗಿದೆ, ಆಗಲಿ. ಮುಪ್ಪು ತಪ್ಪಲ್ಲ. ಅವರು ಉತ್ತರ ಕೊಡದಿದ್ದರೆ ಮುನಿಸು ಎಂದುಕೊಳ್ಳಬೇಡಿ. ಕಿವಿ, ಕಣ್ಣು ಪರೀಕ್ಷೆ ಮಾಡಿ ಎಂದು ಜೈಲಿನ ವೈದ್ಯರನ್ನು ಕೇಳಿ. ಮತ್ತೆ, ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಅಲ್ಲಿ ಒಂದು ಕೈ ಬಾಗಿಲ ಮೇಲೆಯೇ ಇದೆ.