ಒಂದೇ ಸಲದ ಬಡ್ಡಿ

ಬ್ಯಾಂಕಿನ ಆಫೀಸರು ಮನೆ ಸಾಲದ ಹಾಳೆ ಮಗುಚುವ ಮೊದಲು ಪ್ರತಿ ಸಲವೂ ಹೆಬ್ಬೆರಳನ್ನು ನಾಲಿಗೆಗೆ ಒತ್ತುತ್ತಿದ್ದ. ಮಗುಚಿ, ಒದ್ದೆ ಅಂಚನ್ನೇ ಟೈಲರಮ್ಮನ ಕಡೆ ತಳ್ಳಿ, "ಇಲ್ಲೊಂದು ಸಹಿ ಮೇಡಂ" ಎನ್ನುತ್ತಿದ್ದ. ಥೂ, ಮುಟ್ಟುವುದಕ್ಕೂ ಹೇಸಿಗೆ. ಪೆನ್ನಿನ ತುದಿಯಿಂದ ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದಳು. ತಿಂಗಳ ಕಂತು ಹದಿನೇಳು ಸಾವಿರದ ಒಂಬೈನೂರ ತೊಂಬತ್ತೈದು ಎಂದಿತ್ತು.

"ಇದು ತಪ್ಪು ಬಿದ್ದಿದೆ. ಒಂಬತ್ತು ಸಾವಿರ ಚಿಲ್ಲರೆ ಅಲ್ವಾ?"

ಒಂಬತ್ತು ಸಾವಿರ ಬಂದದ್ದು ಅವಳ ಅಳತೆ ಪುಸ್ತಕದಿಂದ. ಸಗಟು ಅಂಗಡಿಯವನು ಬಟ್ಟೆ ಸಾಲ ಕೊಟ್ಟಾಗ ಬಿಲ್ಲಿನ ಮೇಲೆ ನೂರಕ್ಕೆ ಒಂಬತ್ತು ಹಾಕುತ್ತಾನೆ. ಒಂದೇ ಸಲ. ಯಾವಾಗ ತೀರಿಸಿದರೂ ಅಷ್ಟೇ. ಹದಿನಾರು ವರ್ಷ ಹೊಲಿದವಳಿಗೆ ಗೊತ್ತಿದ್ದ ಬಡ್ಡಿ ಅದೊಂದೇ. ಬ್ಯಾಂಕಿನವರೂ ನೂರಕ್ಕೆ ಒಂಬತ್ತು ಎಂದದ್ದಕ್ಕೇ ಇಪ್ಪತ್ತು ಲಕ್ಷ ಸಾಲಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಕೂಡಿಸಿ, ಇಪ್ಪತ್ತು ವರ್ಷದ ಇನ್ನೂರ ನಲವತ್ತು ತಿಂಗಳಿಗೆ ಭಾಗಿಸಿದ್ದಳು. ಈಗ ಕಟ್ಟುವ ಬಾಡಿಗೆಗಿಂತ ಐನೂರು ಚಿಲ್ಲರೆ ಜಾಸ್ತಿ, ಅಷ್ಟೇ ತಾನೆ? ಅಡುಗೆಮನೆಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು, ಎಣ್ಣೆ ಸಿಡಿದ ಬಟ್ಟೆಗೆ ಗಿರಾಕಿಗಳಿಂದ ಬೈಸಿಕೊಳ್ಳುವುದು ಇನ್ನಾದರೂ ತಪ್ಪುತ್ತದೆ, ಮಿಷನ್ನಿಗೇ ಒಂದು ಕೋಣೆ ಸಿಗುತ್ತದೆ ಎಂದು ಬಿಲ್ಡರನಿಗೆ ಒಂದು ಲಕ್ಷ ಮುಂಗಡವನ್ನೂ ಕೊಟ್ಟಿದ್ದಳು. ನಾಲ್ಕು ವರ್ಷ ಶಾಲೆಯ ಯೂನಿಫಾರಂ ಹೊಲಿದು ಕೂಡಿಟ್ಟ ಒಂದು ಲಕ್ಷ ಅದು.

ಆ ಲೆಕ್ಕ ಮಾಡಿದ ದಿನ ಭಾವ, ಅಂದರೆ ಅಕ್ಕನ ಗಂಡ, ಎದುರಿಗೇ ಕೂತಿದ್ದ. ಬಿಲ್ಡರನನ್ನು ತೋರಿಸಿಕೊಟ್ಟವನೂ ಅವನೇ. ಹೊಟ್ಟೆ ಬಂದು ಬಿಗಿಯಾದ ಕೋಟನ್ನು ಸಡಿಲ ಮಾಡಿಸಿಕೊಳ್ಳಲು, ಅದೂ ಬಿಟ್ಟಿ, ಬಂದಿದ್ದ. ಪುಸ್ತಕದ ಕಡೆ ಬಗ್ಗಿ ನೋಡಿ, "ಎಲ್ಲಾ ಸರಿಯಾಗಿದೆ" ಎಂದಿದ್ದ.

ಈಗ ಆಫೀಸರು ಅವಳ ಪಕ್ಕದ ಕುರ್ಚಿಯಲ್ಲಿದ್ದ ಭಾವನ ಕಡೆ ತಿರುಗಿದ. "ಸರ್‌ಗೆ ಹೋದ ತಿಂಗಳೇ ಕಂತಿನ ಪೂರ್ತಿ ಶೀಟು ಕೊಟ್ಟಿದ್ನಲ್ಲ. ಹೇಳಲಿಲ್ವಾ?"

ಭಾವ ಮೊಬೈಲಿನಲ್ಲಿ ಏನೋ ಹುಡುಕತೊಡಗಿದ.

"ಎಲ್ಲಾ ಸೇರಿ ಎಷ್ಟಾಗುತ್ತೆ?" ಎಂದು ಅವಳು ಕೇಳಿದಳು.

ಆಫೀಸರು ಕ್ಯಾಲ್ಕುಲೇಟರ್ ಒತ್ತಿದ. ನಲವತ್ತಮೂರು ಲಕ್ಷ ಹದಿನೆಂಟು ಸಾವಿರದ ಎಂಟುನೂರು.

"ಮೊದಲನೇ ಕಂತಲ್ಲಿ ಸಾಲಕ್ಕೆ ಅಂತ ಎಷ್ಟು ಹೋಗುತ್ತೆ?"

"ಮೂರು ಸಾವಿರಕ್ಕೆ ಐದು ರೂಪಾಯಿ ಕಮ್ಮಿ. ಉಳಿದ ಹದಿನೈದು ಸಾವಿರ ಬಡ್ಡಿ. ಬಾಕಿ ಮೇಲೆ ತಿಂಗಳು ತಿಂಗಳೂ ಬೀಳುತ್ತಲ್ಲ ಮೇಡಂ, ಬರ್ತಾ ಬರ್ತಾ ಕಮ್ಮಿಯಾಗುತ್ತೆ" ಎಂದು ಹಲ್ಕಿರಿದು ಮತ್ತೆ ಹೆಬ್ಬೆರಳು ನೆಕ್ಕಿದ.

ಆಫೀಸರಾದರೂ ಕೇಳಿದ್ದಕ್ಕೆ ಉತ್ತರ ಕೊಟ್ಟ. ಆದರೆ ಪಕ್ಕದಲ್ಲಿ ಕೂತ ಈ ಮನುಷ್ಯ ಅವಳ ಕೈಯಡುಗೆ ಉಂಡು, ಅವಳ ದಡ್ಡ ಲೆಕ್ಕ ನೋಡಿ, ಬಾಯಿ ಮುಚ್ಚಿಕೊಂಡಿದ್ದನಲ್ಲ. ಪೆನ್ನು ಮೇಜಿನ ಮೇಲಿಟ್ಟು ಎದ್ದಳು.

ಭಾವ ಬ್ಯಾಂಕಿನ ಮೆಟ್ಟಿಲಲ್ಲಿ ಅವಳನ್ನು ತಡೆದು ನಿಲ್ಲಿಸಿದ. "ಎಲ್ಲರೂ ಹೀಗೇ ಮನೆ ತಗೊಳ್ಳೋದು. ಪೂರ್ತಿ ಹೇಳಿದ್ರೆ ನೀನು ಹೆದರ್ಕೋತಿದ್ದೆ."

"ಇದರಲ್ಲಿ ನಿಮಗೆಷ್ಟು ಸಿಗುತ್ತೆ ಭಾವ?"

"ಬಿಲ್ಡರ್ ನಲವತ್ತು ಸಾವಿರ ಕೊಡ್ತಾನೆ. ಅದೇನು ಮಹಾ? ನೋಡು, ಈಗ ಬಿಟ್ರೆ ಮುಂಗಡ ವಾಪಸ್ ಬರಲ್ಲ."

"ಕತ್ತರಿಸೋವಾಗಲೇ ಕೆಟ್ಟ ಬಟ್ಟೇನ ಹಠಕ್ಕೆ ಹೊಲಿದ್ರೆ ದಾರವೂ ದಂಡ" ಎಂದು ಅವಳು ಇಳಿದುಹೋದಳು. ಮನೆ ಮುಟ್ಟುವವರೆಗೆ ಕಣ್ಣೀರು ತಡೆದುಕೊಂಡಿದ್ದಳು. ಅಡುಗೆಮನೆಯ ಮೂಲೆಯ ಮಿಷನ್ ನೋಡಿದ್ದೇ ಅತ್ತುಬಿಟ್ಟಳು. ಒಂದು ಲಕ್ಷ ನೀರಲ್ಲಿ ಹೋಮವಾಗಿತ್ತು.

ಮರುದಿನ ಸಂಜೆ ಭಾವ ಏನೂ ಆಗಿಲ್ಲವೆಂಬಂತೆ ಬಂದು ಬಾಗಿಲಲ್ಲಿ ನಿಂತ. ಬಿಲ್ಡರನ ಪಾರ್ಟಿಗೆ ಕೋಟು ಬೇಕಿತ್ತಂತೆ. ಕೋಟು ಮೊಳೆಯಲ್ಲೇ ನೇತಾಡುತ್ತಿತ್ತು. ಪಕ್ಕದ ಹೊಲಿಗೆಯೆಲ್ಲ ಬಿಚ್ಚಿತ್ತು, ಎಡತೋಳು ಎರಡು ಗುಂಡುಸೂಜಿಯ ಮೇಲೆ ನಿಂತಿತ್ತು. ಅವಳು ಅದನ್ನು ಹಾಗೇ ಅಚ್ಚುಕಟ್ಟಾಗಿ ಮಡಚಿ, ಚೀಲಕ್ಕೆ ಹಾಕಿ ಕೊಟ್ಟಳು.

"ಮುಗೀತಾ? ಒಂದ್ಸಲ ಹಾಕಿ ನೋಡ್ಲಾ?" ಎಂದು ಭಾವ ಕೇಳಿದ.

"ಏನೂ ಬೇಡ ಭಾವ, ಎಲ್ಲಾ ಸರಿಯಾಗಿದೆ" ಎಂದು ಹೇಳಿ ಅವಳು ಬಾಗಿಲು ಹಾಕಿಕೊಂಡಳು.